ಧೂಳು ಮುಳುಗದ ನೀರು

ಹುಚ್ಚೀರಪ್ಪನವರನ್ನು ನಾನು ಮೊದಲು ಕಂಡದ್ದು 2014ರ ಮಾರ್ಚಿನಲ್ಲಿ, ಕೊಪ್ಪಳದ ಹತ್ತಿರದ ಒಂದು ಕಬ್ಬಿಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಬಿ.ಎಸ್ಸಿ. ಮುಗಿಸಿ ಹನುಮಸಾಗರದಿಂದ ಬಂದ ನಾನು ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಬೆಳಗಿನ ಹತ್ತು ಗಂಟೆ. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತಿದ್ದರು. ಐವತ್ತರ ಆಸುಪಾಸಿನ ವಯಸ್ಸು. ಒಂದು ಕೈಯಲ್ಲಿ ಎರಡು ಸ್ಟೀಲ್ ಲೋಟ, ಇನ್ನೊಂದರಲ್ಲಿ ಹಸಿರು ದ್ರವದ ಎರಡು ಬಾಟಲಿ, ಅಂಗಿಯ ಕಿಸೆಯಲ್ಲಿ ಒಂದು ಪೇಪರ್ ಪೊಟ್ಟಣ. ಕಿವಿಯ ಮಡಿಕೆಗಳಲ್ಲಿ ಕರಿ ಕೂತಿತ್ತು.

"ಕೆಮಿಸ್ಟ್ ಯಾರದಾರ್ರಿ?"

"ನಾನೇರಿ ಕಾಕಾ."

"ನೀವಾ? ನಮ್ಮ ಮಗಳು ರಂಜಿತಾನ ವಯಸ್ಸಿನಾಕಿ ಇದ್ದಂಗ ಕಾಣ್ತೀರಿ. ಇರ್ಲಿ, ಇದನ್ನ ನೋಡ್ರಿ."

ಎರಡೂ ಲೋಟಕ್ಕೆ ನೀರು ಹಿಡಿದರು. ಒಂದಕ್ಕೆ ಹೋದ ವರ್ಷದ ಔಷಧ, ಇನ್ನೊಂದಕ್ಕೆ ಈ ವರ್ಷದ್ದು, ಒಂದೊಂದು ಮುಚ್ಚಳದಷ್ಟು ಹಾಕಿದರು. ಪೊಟ್ಟಣ ಬಿಚ್ಚಿ ಎರಡರ ಮೇಲೂ ಕಲ್ಲಿದ್ದಲ ಧೂಳು ಉದುರಿಸಿದರು. ಹಳೆಯ ಔಷಧದ ಲೋಟದಲ್ಲಿ ಧೂಳು ತಕ್ಷಣ ತಳ ಸೇರಿತು. ಹೊಸದರಲ್ಲಿ ಕರಿ ಕೆನೆಯಂತೆ ಮೇಲೆಯೇ ನಿಂತಿತು.

"ಔಷಧ ಹಳೇದಾದ್ರ ಸಾಯ್ತೈತಿ ಅಂತಾರ. ಇಲ್ಲಿ ಹಳೇದು ಬದುಕೈತಿ, ಹೊಸಾದು ಹುಟ್ಟತಲೇ ಸತ್ತೈತಿ!"

ಅವರು ಎಂಟು ವರ್ಷದಿಂದ ಕಾರ್ಖಾನೆಯ ರಸ್ತೆಗೆ ನೀರು ಸಿಂಪಡಿಸುವ ಟ್ಯಾಂಕರಿನ ಡ್ರೈವರ್. ಕಲ್ಲಿದ್ದಲ ಧೂಳು ಬರಿ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹನಿ ಗುಂಡಾಗಿ ಉರುಳಿಹೋಗುತ್ತದೆ, ಒಣಗಿದ ಮೇಲೆ ಗಾಳಿ ಧೂಳನ್ನೆಲ್ಲ ಎತ್ತುತ್ತದೆ. ನೀರಿನ ಮೇಲ್ಮೈಯ ಬಿಗಿತವನ್ನು ಸಡಿಲಿಸುವ, ಸಾಬೂನಿನ ಜಾತಿಯ ಆ ಹಸಿರು ದ್ರವ, ಅಂದರೆ ಅವರ 'ಔಷಧ', ಸ್ವಲ್ಪ ಬೆರೆತರೆ ಸಾಕು, ನೀರು ಧೂಳಿನೊಳಗೆ ಇಳಿದು ಅದನ್ನು ಕೂರಿಸುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅವರು ರಸ್ತೆ ನೋಡಿಯೇ ಕಲಿತಿದ್ದರು.

ರಸ್ತೆ ಬದಿಯ ಊರು ಅವರದೇ. ಆ ವರ್ಷ ಧೂಳು ಏಳತೊಡಗಿದಾಗ ಊರು ಬೈದದ್ದು ಕಾರ್ಖಾನೆಯನ್ನಲ್ಲ, ಅವರನ್ನು. ಔಷಧವನ್ನು ಗಂಗಾವತಿಗೆ ಒಯ್ದು ಮಾರುತ್ತಾನೆ ಎಂದರು. ನಲ್ಲಿಯ ಹತ್ತಿರ ಅವರ ಹೆಂಡತಿ ಮಾರೆವ್ವನಿಗೆ, "ನಿನಗ ಹೊಸಾ ಸೀರಿ, ನಮ್ಮ ದನಕ್ಕ ಕರೀ ಮೇವು. ಛಲೋ ಗಂಡನ್ನ ಕಟ್ಕೊಂಡಿ ಬಿಡವಾ" ಎಂದಿದ್ದರಂತೆ.

ನಾನು ಪರೀಕ್ಷೆ ಮಾಡಿದೆ. ಹೊಸ ಬಾಟಲಿಯಲ್ಲಿದ್ದದ್ದು ಬಣ್ಣದ ನೀರು, ಅಷ್ಟೇ.

"ಬರ್ದು ಕೊಡ್ರಿ ಮೇಡಂ. ನಾ ಕಳ್ಳ ಅಲ್ಲ ಅಂತ ಊರಾಗ ತೋರಸ್ತೀನಿ."

ವಿಷಯ ತಿಳಿಸಿದಾಗ, ಔಷಧ ಖರೀದಿಸುವ ಉಗ್ರಾಣದ ಮ್ಯಾನೇಜರ್ ಪ್ರಭುರಾಜ ನಕ್ಕ. "ನೀರಿಗೆ ನೀರು ಹಾಕಿದ್ರ ಏನಾತಮ್ಮಾ? ಏನೂ ಬರಿಬ್ಯಾಡ. ಅವ ಡ್ರೈವರ, ಗೇರ್ ಹಾಕ್ಕೋತ ಇರ್ಲಿ."

ನಾನು ಬರೆಯಲಿಲ್ಲ. ಪ್ರಭುರಾಜನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಈ ಸಿಟ್ಟು ದೊಡ್ಡದು.

ಏಪ್ರಿಲಿನಲ್ಲಿ ಧೂಳಿನ ತಪಾಸಣೆಗೆ ಸರ್ಕಾರದ ಅಧಿಕಾರಿಯೊಬ್ಬರು ಬಂದರು. ಊರ ಮುಂದೆ ಜನ ಸೇರಿದರು. ನಾನೂ ಕಾರ್ಖಾನೆಯ ಜೀಪಿನಲ್ಲಿ ಹೋಗಿದ್ದೆ. ಪ್ರಭುರಾಜ ಟ್ಯಾಂಕರ್ ತೋರಿಸಿ, "ದಿನಾ ಔಷಧ ಕೊಡ್ತೀವ್ರಿ ಸರ್" ಎಂದ.

"ಕೊಡೋದು ನೀವು, ಮಾರೋದು ಇವ!" ಎಂದು ಗುಂಪಿನಿಂದ ಹುಲಿಗೆಪ್ಪ ಎಂಬ ರೈತ ಕೂಗಿದ.

ಹುಚ್ಚೀರಪ್ಪನವರು ಸೀಲ್ ಒಡೆಯದ ಹೊಸ ಕ್ಯಾನನ್ನು ಟ್ಯಾಂಕರಿನಿಂದ ಇಳಿಸಿ ಅವನ ಮುಂದಿಟ್ಟರು. "ಬಾರಲೇ ಹುಲಿಗ್ಯಾ. ಸೀಲ್ ನೀನಾ ಒಡಿ. ನೀರು ನಿಮ್ಮ ಮನೀದು ತಾ, ಧೂಳು ನಿಮ್ಮ ಮಾಳಗೀದು ತಾ. ನಾ ಮುಟ್ಟಂಗಿಲ್ಲ."

ಹುಲಿಗೆಪ್ಪ ಒಡೆದ, ಬೆರೆಸಿದ, ಧೂಳು ಉದುರಿಸಿದ. ಧೂಳು ಮೇಲೆಯೇ ತೇಲಿತು. ಬೆರಳಿನಿಂದ ಅದ್ದಿದ, ಮತ್ತೆ ಮೇಲೆ ಬಂತು. ಅವನು ತಲೆ ಎತ್ತಿ ಪ್ರಭುರಾಜನನ್ನು ನೋಡಿದ.

"ಇವರ ಮಾತು ಸರಿ. ಆದರ ಲ್ಯಾಬ್ ವರದಿ ಐತೇನು?" ಅಧಿಕಾರಿ ಕೇಳಿದರು. ಹುಚ್ಚೀರಪ್ಪನವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. 'ನೀರು ಸಿಂಪಡಿಸಲಾಗುತ್ತಿದೆ' ಎಂದು ಬರೆದುಕೊಂಡು ಅಧಿಕಾರಿ ಹೋದರು.

ಮರುದಿನ ಹುಚ್ಚೀರಪ್ಪನವರನ್ನು ಕೆಲಸದಿಂದ ತೆಗೆದರು. ಕಾರಣ: ಕಂಪನಿಯ ಔಷಧ ಕದ್ದದ್ದು. ಕಾಗದಕ್ಕೆ ಪ್ರಭುರಾಜನದೇ ಸಹಿ. ಅದನ್ನು ಊರಲ್ಲಿ ಯಾರೂ ನಂಬಲಿಲ್ಲ. ಆ ಬೇಸಿಗೆಯಲ್ಲೇ ಹುಲಿಗೆಪ್ಪ ಹತ್ತು ಜನರನ್ನು ಕರೆದುಕೊಂಡು ಪಂಚಾಯಿತಿಗೆ ಹೋಗಿ, ಪಂಚಾಯಿತಿಯ ನೀರಿನ ಟ್ಯಾಂಕರ್ ಹುಚ್ಚೀರಪ್ಪನವರ ಕೈಗೇ ಕೊಡಬೇಕು ಎಂದು ಜಗಳ ತೆಗೆದ.

ಹುಚ್ಚೀರಪ್ಪನವರು ಈಗ ಊರಿಗೆ ಕುಡಿಯುವ ನೀರಿನ ಟ್ಯಾಂಕರ್ ಓಡಿಸುತ್ತಾರೆ.