ಜಗಲಿ ಏರಲೊಲ್ಲದ ಹಾಡು

ಮೊದಲೇ ಹೇಳಿಬಿಡುತ್ತೇನೆ, ಅದು ಭಕ್ತಿಗೀತೆಯಲ್ಲ. ಹುಬ್ಬಳ್ಳಿ-ಧಾರವಾಡದ ಭಜನಾ ಮೇಳಗಳು ತಾಳ ಕುಟ್ಟಿ ಎಷ್ಟೇ ಹಾಡಲಿ, ನಾನು ಒಪ್ಪುವುದಿಲ್ಲ. ಆ ಹಾಡು ಕಟ್ಟಿದವಳು ನಾನು. ಯಾರಿಗಾಗಿ ಕಟ್ಟಿದೆ ಎಂಬುದು ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ನನ್ನ ಗಂಡನಿಗಾಗಿ ಕಟ್ಟಿದೆ. ಅವರಿಗೆ ಮೀಸೆ ಇತ್ತು, ನಾಚಿಕೆಯಾದರೆ ಕಿವಿ ಕೆಂಪಾಗುತ್ತಿದ್ದವು, ಚಹಾವನ್ನು ಬಸಿಗೆ ಸುರಿದುಕೊಂಡು ಸೊರ್ರೆಂದು ಕುಡಿಯುತ್ತಿದ್ದರು. ಯಾವ ದೇವರೂ ಹಾಗೆ ಚಹಾ ಕುಡಿದದ್ದನ್ನು ನಾನು ಕೇಳಿಲ್ಲ.

ಐವತ್ತರ ದಶಕದ ಕೊನೆಗೆ ನಾನು ಧಾರವಾಡದಿಂದ ಹುಬ್ಬಳ್ಳಿಯ ಹತ್ತಿ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದೆ. ನಮ್ಮ ಕಡೆ ಆಗ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಕರೆಯುವಂತಿರಲಿಲ್ಲ. ಆದರೆ ಮದುವೆ, ಬಸುರಿಯ ಕುಬುಸ, ಆರತಿ ಎಂದು ಹೆಂಗಸರು ಕೂಡಿದಾಗ ಅದೇ ಹೆಸರನ್ನು ಹೇಳಲೇಬೇಕು, ಅದೂ ಒಡಪಿನಲ್ಲಿ. ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ಕೊನೆಗೆ ಹೆಸರು ಸೇರಿಸಬೇಕು. ಹೇಳದಿದ್ದರೆ ನಾದಿನಿಯರು ಹೊಸ್ತಿಲು ದಾಟಲು ಬಿಡುವುದಿಲ್ಲ. ವರ್ಷವಿಡೀ ಬಾಯಿಗೆ ಬೀಗ, ಆರತಿಯ ದಿನ ಮಾತ್ರ ಕೀಲಿ! ನನಗೆ ಈ ಲೆಕ್ಕಾಚಾರ ಕಂಡರೆ ಸಿಟ್ಟು ಬರುತ್ತಿತ್ತು.

ಮದುವೆಯಾದ ವರ್ಷ ನಾಗರ ಪಂಚಮಿಗೆ ತವರಿಗೆ ಹೋದೆ. ಶನಿವಾರ ಕರೆಯಲು ಬರುತ್ತೇನೆಂದ ಇವರು ಬಂದದ್ದು ಮಂಗಳವಾರ. ಮೂರು ದಿನ ನಾನು ಒಲೆಗೂ ಬಾಗಿಲಿಗೂ ಓಡಾಡಿದ್ದನ್ನು ನೋಡಿ ತಂಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಧಾರವಾಡದಲ್ಲಿ ರೈಲು ಹತ್ತಿದ ಕೂಡಲೇ ಜಗಳ ಶುರುಮಾಡಿದೆ.

"ಅಪ್ಪಾರು ಗದಗಿಗೆ ಹೋಗು ಅಂದ್ರು, ಹೋದೆ," ಎಂದರು.

"ಒಲ್ಲೆ ಅನ್ನಾಕ ಬರೂದಿಲ್ಲೇನ್ರಿ ನಿಮಗ?"

"ಅಪ್ಪಾರ ಮುಂದ? ನನ್ನ ಬಾಯಾಗಿಂದ ಬರೂದಿಲ್ಲ ನೋಡು."

ಇಷ್ಟು ನೇರವಾಗಿ ಸೋಲೊಪ್ಪಿಕೊಂಡ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹುಬ್ಬಳ್ಳಿ ಬರುವಷ್ಟರಲ್ಲಿ ಜಗಳ ಮುಗಿದು ನಗು ಬಂದಿತ್ತು. ಮನಸ್ಸು ಅವರ ಕಡೆ ವಾಲಿದ್ದು ಮದುವೆಯ ಮಂಟಪದಲ್ಲಲ್ಲ, ಆ ರೈಲಿನಲ್ಲಿ. ಆ ವಾರವೇ ಹಾಡು ಕಟ್ಟಿದೆ. ಅದರ ಪಲ್ಲವಿ ಹೀಗಿತ್ತು:

ಜೋಳದ ರೊಟ್ಟಿಗೆ ಬೆಣ್ಣಿ ಇಟ್ಟೇನಿ,
ಬರೂ ಹಾದಿಗೆ ಕಣ್ಣ ಇಟ್ಟೇನಿ;
ಜಗಲಿ ಮ್ಯಾಲಿನ ದೇವರಿಗೆ ಕೈ ಮುಗದೇನಿ,
ಜಗಳ ಆಡಿದವಗ ಮನಸ ಕೊಟ್ಟೇನಿ.

ಇದಾದ ಮೇಲೆ ಹೆಸರು. ಧಾರವಾಡದಲ್ಲಿ ಐದು ವರ್ಷ ಗಾಯನ ಕಲಿತವಳು ನಾನು, ಅಷ್ಟಿಷ್ಟು ಯುಕ್ತಿ ಗೊತ್ತಿತ್ತು. ಹೆಸರು ಬರುವ ಕಡೆ ತಾಳ ನಿಲ್ಲಬೇಕು, ಹೆಸರೊಂದೇ ಕೇಳಬೇಕು, ಆಮೇಲೆ ಮತ್ತೆ ತಾಳ ಹಿಡಿಯಬೇಕು. ಮುಂದಿನ ಆರತಿಯಲ್ಲಿ ನಾನು ಹಾಡಿದಾಗ ಹೆಂಗಸರು ಮೊದಲು ಬಾಯಿ ಮುಚ್ಚಿಕೊಂಡು ನಕ್ಕರು, ಆಮೇಲೆ ಇನ್ನೊಮ್ಮೆ ಹಾಡಿಸಿದರು. ವರ್ಷದೊಳಗೆ ಅದು ಓಣಿ ಓಣಿ ದಾಟಿತು. ಒಬ್ಬೊಬ್ಬಳೂ ತನ್ನ ಗಂಡನ ಹೆಸರು ಹಾಕಿಕೊಂಡಳು. ಉದ್ದ ಹೆಸರಿನ ಗಂಡಂದಿರನ್ನು ಓಡಿಸುತ್ತಿದ್ದರು, ಗಿಡ್ಡ ಹೆಸರಿನವರನ್ನು ಎಳೆದು ಉದ್ದ ಮಾಡುತ್ತಿದ್ದರು.

ವಿದ್ಯಾನಗರದ ಒಂದು ಮದುವೆಯಲ್ಲಿ ಅದನ್ನು ಕೇಳಿದ ಮುಂಬಯಿಯ ಒಂದು ಸಣ್ಣ ಪ್ಲೇಟು ಕಂಪನಿಯವನೊಬ್ಬ ನಮ್ಮ ಮನೆ ಹುಡುಕಿಕೊಂಡು ಬಂದ. ಗ್ರಾಮಫೋನ್ ರೆಕಾರ್ಡಿಗೆ ಆಗ ಪ್ಲೇಟು ಎನ್ನುತ್ತಿದ್ದೆವು. ಮಾವ ಅವನ ಮಾತು ಪೂರ್ತಿ ಕೇಳಿ, ನನ್ನನ್ನು ಪಡಸಾಲೆಗೆ ಕರೆಸಿದರು.

"ನೋಡವಾ, ಹಾಡೂದು ಬ್ಯಾಡ ಅನ್ನೂದಿಲ್ಲ ನಾ. ಆದ್ರ ನಮ್ಮ ಮನಿ ಸೊಸಿ ಗಂಡನ ಹೆಸರ ಹಿಡಿದು ಹಾಡೂದು, ಅದನ್ನ ಹೊಟೇಲದಾಗ ಮಂದಿ ಚಹಾ ಕುಡಕೋತ ಕೇಳೂದು, ಇದು ಛಲೋ ಅಲ್ಲ. ಹೆಸರ ತಗದು ಶಿವಾ ಅಂತ ಹಾಕು. ಭಕ್ತರೆಲ್ಲಾ ಹೆಂಡಂದಿರು, ಶಿವಾನ ಗಂಡ ಅಂತ ಹಿರ್ಯಾರು ಹೇಳ್ಯಾರಲ್ಲ? ಮಾನಾನೂ ಉಳೀತೈತಿ, ಪುಣ್ಯಾನೂ ಬರ್ತೈತಿ."

"ಶಿವಾ ಯಾವಾಗ ನನ್ನ ಕೂಡ ಜಗಳ ಆಡ್ಯಾನ್ರಿ ಮಾವಾರ?"

"ನಿನ್ನ ನಾಲಿಗಿ ನೋಡಿದ್ರ ಒಂದಿನ ಅವನೂ ಆಡ್ತಾನ."

ಎಲ್ಲರೂ ನಕ್ಕರು, ಮಾತು ಮುಗಿಯಿತು. ಶಿವಾ ಎಂದರೆ ಪ್ಲೇಟು, ಇಲ್ಲವಾದರೆ ಇಲ್ಲ. ನಾನು ದೇವರನ್ನು ನಂಬುವವಳೇ, ದಿನವೂ ಪೂಜೆ ಮಾಡಿಯೇ ನೀರು ಕುಡಿಯುವವಳು. ಆದರೆ ನನ್ನ ಹತ್ತಿರ ನನ್ನದೆಂಬ ವಸ್ತು ಇದ್ದದ್ದು ಆ ಹಾಡೊಂದೇ. ಅದನ್ನೂ ಒಯ್ದು ದೇವರ ಜಗಲಿಯ ಮೇಲೆ ಇಟ್ಟರೆ ನನಗೇನು ಉಳಿಯಿತು? ಇವರ ಮುಖ ನೋಡಿದೆ. ಇವರು ನೆಲ ನೋಡುತ್ತಿದ್ದರು.

ಹಾಡನ್ನು ಟೇಪಿಗೆ ತುಂಬಿಸಲು ಗದ್ದಲವಿಲ್ಲದ ಜಾಗ ಬೇಕಿತ್ತು. ಮಾವ ತಮ್ಮ ಗೋದಾಮನ್ನೇ ಕೊಟ್ಟರು. ಒತ್ತಿ ಕಟ್ಟಿದ ಅರಳೆಯ ಬೇಲುಗಳು ಛಾವಣಿಯವರೆಗೆ ಇದ್ದವು. ಒಳಗೆ ಚಪ್ಪಾಳೆ ತಟ್ಟಿದರೂ ಸದ್ದು ಅಲ್ಲೇ ಇಂಗುತ್ತಿತ್ತು. ಮಾವ ಒಂದು ಬೇಲಿನ ಮೇಲೆ ತಲೆಯ ರುಮಾಲು ಬಿಚ್ಚಿಟ್ಟು ಕುಳಿತರು. ಇವರು ಯಾರೂ ಒಳಬರದಂತೆ ಬಾಗಿಲು ಕಾಯುತ್ತಿದ್ದರು. ಮೊದಲ ಸಲ ಶಿವಾ ಎಂದೇ ಹಾಡಿದೆ. ಪುಣ್ಯಕ್ಕೆ ಅರ್ಧದಲ್ಲಿ ರೈಲಿನ ಸಿಳ್ಳು ಅರಳೆಯನ್ನೂ ದಾಟಿ ಬಂದು ಕೆಡಿಸಿತು.

"ಬಾಯಾರ, ಇನ್ನೊಂದು ಸಲಕ್ಕಷ್ಟ ಟೇಪ್ ಐತ್ರಿ," ಎಂದ ಕಂಪನಿಯವನು. "ಸ್ವರ ಬರೋಬರಿ ಐತಿ, ಆದ್ರ ಜೀವ ಕಾಣವಲ್ದು."

ಜೀವ ಎಲ್ಲಿಂದ ಬರಬೇಕು? ಎರಡನೆಯ ಸಲ ಕಣ್ಣು ಮುಚ್ಚಿದೆ. ತಬಲಾ ನಿಂತ ಕಡೆ ನನ್ನ ಗಂಡನ ಹೆಸರು ಹೇಳಿದೆ, ತುಂಬುಕಂಠದಿಂದ, ಸ್ಪಷ್ಟವಾಗಿ, ಮಾವನೆದುರೇ.

ಹಾಡು ಮುಗಿಯಿತು. ಮಾವ ಎದ್ದು ನಿಂತರು. "ಅಳಸಪಾ ಅದನ್ನ," ಎಂದು ಕಂಪನಿಯವನಿಗೆ ಹೇಳಿದರು.

ಬಾಗಿಲ ಕಡೆಯಿಂದ ಇವರ ದನಿ ಬಂತು. ಕಿವಿಗಳೆರಡೂ ಕುಂಕುಮದಂತೆ ಕೆಂಪಾಗಿದ್ದವು. "ಅಪ್ಪಾರ, ಅದು ನನ್ನ ಹೆಸರ್ರಿ. ಅಳಸಾಕ ನಾ ಒಲ್ಲೆ."

ಮಾವ ರುಮಾಲು ಎತ್ತಿಕೊಂಡು ಹೊರಟುಹೋದರು. ಇವರು ಅಲ್ಲೇ ಕುಳಿತು ನೀರು ಕೇಳಿದರು. ನನಗೆ ಕುಣಿಯಬೇಕೆನ್ನಿಸಿತು, ಸುಳ್ಳೇಕೆ ಹೇಳಲಿ.

ಪ್ಲೇಟು ಬಂದ ಮೇಲೆ ಊರ ಬಾಯಿಗೆ ಬೀಗ ಹಾಕುವವರಾರು? ಹೊಟೇಲುಗಳಲ್ಲಿ ಅದೇ, ಮದುವೆಮನೆಯ ಲೌಡ್‌ಸ್ಪೀಕರಿನಲ್ಲಿ ಅದೇ. ಇವರು ಪೇಟೆಯಲ್ಲಿ ನಡೆದರೆ ಕಾಲೇಜಿನ ಹುಡುಗರು ಹಿಂದಿನಿಂದ ಹಾಡುತ್ತಿದ್ದರು. ಆದರೂ ಇವರು ಓಣಿ ಬದಲಿಸಲಿಲ್ಲ. ಮಾವ ನನ್ನೊಂದಿಗೆ ಮಾತು ಬಿಟ್ಟರು. "ಸಾರಿಗೆ ಉಪ್ಪಿಲ್ಲ ಅಂತ ಹೇಳ್ರಿ ಆಕಿಗೆ," ಎಂದು ಗೋಡೆಗೆ ಹೇಳುತ್ತಿದ್ದರು. "ಡಬ್ಬಿ ಅಲ್ಲೇ ಐತಿ ಅಂತ ಹೇಳ್ರಿ," ಎಂದು ನಾನೂ ಗೋಡೆಗೇ ಹೇಳುತ್ತಿದ್ದೆ. ಮಗಳು ಹುಟ್ಟಿದ ಮೇಲೆ ಮಾತು ಕೂಡಿತು, ಹಾಡಿನ ಸುದ್ದಿ ಮಾತ್ರ ಎತ್ತಲಿಲ್ಲ.

ಎರಡು ವರ್ಷದ ಮೇಲೆ ಅದೇ ಕಂಪನಿ ಒಂದು ಭಜನಾ ಮೇಳದಿಂದ ಅದನ್ನು ಮತ್ತೆ ಹಾಡಿಸಿತು. ಜಗಳದ ಸಾಲು ಹೋಯಿತು, ಗಂಡ ಹೋದ, ಶಿವ ಬಂದ. ನನ್ನ ಹಾಡಿಗೆ ವಿಭೂತಿ ಬಳಿದು ಕೂರಿಸಿದರು. ನಾನು ಮೂರು ಕಾಗದ ಬರೆದೆ, ಒಂದಕ್ಕೂ ಉತ್ತರ ಬರಲಿಲ್ಲ. ಮಠ ಮಂದಿರಗಳಲ್ಲಿ ಅದೇ ನಿಂತಿತು. ಹೆಂಗಸರು ಕೂಡುವ ಕಡೆ ಮಾತ್ರ ಇಂದಿಗೂ ನನ್ನದೇ ನಡೆಯುತ್ತದೆ, ಮೊನ್ನೆ ಮೊನ್ನೆ ಪಕ್ಕದ ಮನೆಯ ಹೊಸ ಸೊಸೆ ತನ್ನ ಗಂಡನ ಹೆಸರು ಹಾಕಿ ಹಾಡಿದಳು.

ಮದುವೆಯಾದ ಹತ್ತನೆಯ ವರ್ಷ ಕಾಮಾಲೆಯಿಂದ ಅವರು ತೀರಿಕೊಂಡರು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಮನೆ ತುಂಬ ಜನ. ಬೀಗರು ಕರೆಸಿದ್ದ ಭಜನಾ ಮೇಳದವರು ನನ್ನನ್ನು ಸಮಾಧಾನ ಮಾಡಲೆಂದೇ ಏನೋ, ಆ ಹಾಡು ಎತ್ತಿಕೊಂಡರು. ಶಿವಾ ಎಂದರು.

"ನಿಲ್ಲಸ್ರಿ," ಎಂದೆ. ತಾಳ ನಿಂತವು. "ಅದು ಸತ್ತವರ ಹಾಡು ಐತಿ. ಅವರ ಹೆಸರ ಹಾಕಿ ನಾ ಹಾಡ್ತೇನಿ."

ಪಕ್ಕದಲ್ಲಿದ್ದ ಅತ್ತೆಯ ತಂಗಿ ನನ್ನ ಸೆರಗು ಹಿಡಿದೆಳೆದರು. "ಒಡಪು ಮುತ್ತೈದೇರು ಹೇಳೂದವಾ. ಇನ್ನ ನಿನಗ ಆ ಹೆಸರಿಲ್ಲ."

ಅಷ್ಟು ದಿನ ಅಳುತ್ತಿದ್ದವಳಿಗೆ ಆಗ ಮೈಯೆಲ್ಲ ಉರಿದುಹೋಯಿತು. "ಬಳಿ ಒಡದಾವು, ಹೆಸರ ಒಡದಿಲ್ಲ!" ಎಂದೆ. ಹಾರ್ಮೋನಿಯಂ ಪೆಟಿಗೆ ಇಲ್ಲದೆ, ತಬಲಾ ಇಲ್ಲದೆ ಎದ್ದುನಿಂತು ಹಾಡಿದೆ. ಹೆಸರಿನ ಕಡೆ ಬಂದಾಗ ದನಿ ಒಡೆಯಿತು, ಆದರೂ ಹೆಸರು ಪೂರ್ತಿ ಹೇಳಿದೆ.

ಹಿರಿಯರೆಲ್ಲ ಮಾವನ ಕಡೆ ನೋಡಿದರು, ಬೈಯಲಿ ಎಂದು. ಮಗ ಹೋದ ದಿನದಿಂದ ಅವರು ಯಾರೊಂದಿಗೂ ಮಾತಾಡಿರಲಿಲ್ಲ. ಕಂಬಕ್ಕೆ ಒರಗಿ ಕುಳಿತವರು ತಲೆ ಎತ್ತಿದರು.

"ಇನ್ನೊಮ್ಮೆ ಅನ್ನವಾ," ಎಂದರು. "ಅವನ ಹೆಸರ ಇನ್ನೊಮ್ಮೆ ಅನ್ನು."

ಅಂದೆ.