ಪೂಜೆಗೆ ಮುಂಚಿನ ಗುಳಿಗೆ

ತಿಕೋಟಾದಲ್ಲಿರುವ ನನ್ನ ಅಕ್ಕ ಲಿಂಗಪೂಜೆ ಮುಗಿಯುವವರೆಗೆ ಬಾಯಿಗೆ ಹನಿ ನೀರೂ ಹಾಕುವವಳಲ್ಲ. ಹಟದಲ್ಲಿ ನಾವಿಬ್ಬರೂ ಒಂದೇ ಅಚ್ಚು. ಅವಳದು ಪೂಜೆಯ ಹಟ, ನನ್ನದು ವಾದದ್ದು. ವಿಜಯಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು, ಅವಳ ನೇಮವನ್ನು ಗೇಲಿ ಮಾಡಿದ್ದೇ ಹೆಚ್ಚು.

ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಅವಳನ್ನು ಒಳಗೊಳಗೇ ತಿಂದಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ವಿಜಯಪುರದ ಡಾಕ್ಟರು ಬಿಡಿಸಿ ಹೇಳಿದ್ದರು: ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಾನೇ ಹುಟ್ಟಿಸುತ್ತದೆ. ನಾಳ ಸಡಿಲವಾಗಿ ಇರಲು, ಒಳಗೆ ರಕ್ತ ಹೆಪ್ಪುಗಟ್ಟದಿರಲು ಅದು ಬೇಕು. ಅಕ್ಕನ ನಾಳಗಳಲ್ಲಿ ಅದು ಬತ್ತುತ್ತಿದೆ. ನೋವು ಬಂದಾಗ ನಾಲಿಗೆ ಕೆಳಗಿಡುವ ಗುಳಿಗೆಯಿಂದ ಅದೇ ಅನಿಲ ಸಿಗುತ್ತದೆ.

ಕಳೆದ ಬೇಸಿಗೆ ರಜೆಗೆ ಅವಳ ಮನೆಗೆ ಹೋಗಿದ್ದೆ. ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದ ಅಕ್ಕ ಪೂಜೆಯ ಮಣೆಯ ಪಕ್ಕದಲ್ಲೇ ಕುಸಿದಳು. ಅವಳ ಗಂಡ ಬಬಲೇಶ್ವರಕ್ಕೆ ಹೋಗಿದ್ದರು. ನಾನು ಬಾಡಿಗೆ ಗಾಡಿಗೆ ಫೋನ್ ಮಾಡಿ, ಅವಳನ್ನು ಗೋಡೆಗೆ ಒರಗಿಸಿ, ಗುಳಿಗೆ ತಂದೆ. ಅವಳು ಹಲ್ಲು ಕಚ್ಚಿದಳು.

"ಪೂಜಿ ಆಗಿಲ್ಲ."

"ಇದು ತಿನ್ನೂದಲ್ಲಕ್ಕಾ, ನುಂಗೂದೂ ಅಲ್ಲ. ಒಳಗ ಹೋಗಿ ಗಾಳಿ ಆಗ್ತದ. ಗಾಳಿ ತಗೊಳ್ಳಾಕ ಯಾವ ಪೂಜಿ ಬೇಕು?"

ಗಾಳಿ ಎಂದದ್ದಕ್ಕೆ ಬಾಯಿ ತೆರೆದಳು. ವಾದ ಗೆದ್ದೆನೆಂದು ಒಂದು ಗಳಿಗೆ ಬೀಗಿದೆ. ಆದರೆ ಗುಳಿಗೆ ಕರಗಲಿಲ್ಲ. ರಾತ್ರಿಯಿಂದ ನೀರು ಕಾಣದ ಬಾಯಿ ಒಣಗಿಹೋಗಿತ್ತು. ಗುಳಿಗೆ ನಾಲಿಗೆಯಡಿ ಹರಳಿನಂತೆ ಹಾಗೇ ಕೂತಿತ್ತು. ಒಂದು ಗುಟುಕು ನೀರು ಸಾಕಿತ್ತು. ತಂಬಿಗೆ ಒಡ್ಡಿದೆ, ಮುಖ ತಿರುಗಿಸಿದಳು. ಬೈದೆ. ಕಾಲು ಹಿಡಿದೆ. ಬಲವಂತವಾಗಿ ಕುಡಿಸಿದರೆ ನೆತ್ತಿಗೇರಿ ಅಲ್ಲೇ ಹೋಗಿಬಿಡುತ್ತಾಳೆಂದು ಹೆದರಿದೆ.

ಉಳಿದದ್ದು ಒಂದೇ ದಾರಿ, ಪೂಜೆ. ಲಿಂಗ ತೊಳೆದ ನೀರು ತೀರ್ಥ, ಅದನ್ನಾದರೆ ಕುಡಿಯುತ್ತಾಳೆ. ಆದರೆ ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡ ಅವಳ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅವಳೇ ಬಿಚ್ಚಬೇಕು, ಬೆರಳು ಏಳುತ್ತಿಲ್ಲ. ಆ ಗಂಟಿನ ಮೇಲೆ ಹುಟ್ಟಿದಷ್ಟು ದ್ವೇಷ ನನಗೆ ಯಾವ ವೈರಿಯ ಮೇಲೂ ಹುಟ್ಟಿಲ್ಲ. ನಾನು ಅವಳ ಮಣಿಕಟ್ಟನ್ನು ಎತ್ತಿ ಹಿಡಿದೆ, ಅವಳೇ ಎಳೆದೆಳೆದು ಬಿಚ್ಚಿದಳು. ಕಡೆಗೂ ಲಿಂಗ ಅವಳ ಅಂಗೈಗೆ ಬಂತು. ನೀರು ಹನಿಸಿದೆ. ಅವಳ ಮೊಣಕೈ ಹಿಡಿದು ಅಂಗೈಯನ್ನು ಬಾಯಿಯವರೆಗೆ ಎತ್ತಿದೆ. ಗುಳಿಗೆ ಕರಗಿತು.

ಗಾಡಿ ವಿಜಯಪುರದ ಹಾದಿ ಹಿಡಿದ ಮೇಲೆ, "ಸಡ್ಲ ಆಗೇತಿ" ಎಂದಳು. ನನ್ನ ಕೈ ಒತ್ತಿದಳು. "ಮತ್ತೊಮ್ಮಿ ಹಿಂಗಾದ್ರ ನನಗ ಗಂಟು ಬಿಚ್ಚಾಕ ಆಗಂಗಿಲ್ಲ. ಆವಾಗ ಬಾಯಾಗ ನೀರು ಹಾಕಬ್ಯಾಡ. ಮಾತು ಕೊಡು."

ಕೊಟ್ಟೆ. ಈಗಷ್ಟೇ ಸಡಿಲವಾದ ಆ ಎದೆಯ ಜೊತೆ ಇನ್ನೊಮ್ಮೆ ವಾದಕ್ಕಿಳಿಯುವ ಶಕ್ತಿ ನನ್ನಲ್ಲಿರಲಿಲ್ಲ. ದೇವರಿಗೆ ಎಂದೂ ಕೈಮುಗಿಯದ ನಾನು, ಈ ಮಾತು ಮುರಿಯುವ ಧೈರ್ಯ ಕೊಡಪ್ಪ ಎಂದು ಆಸ್ಪತ್ರೆ ಬರುವವರೆಗೂ ಬೇಡಿಕೊಂಡೆ.