ಶಾಕಾಹಾರಿ ಬೆಕ್ಕಿನ ಕಿವಿ

ಮಹಾಪೆಯ ನಮ್ಮ ಆಫೀಸಿನ ಪಾರ್ಕಿಂಗಿನಲ್ಲಿ ಸೆಕ್ಯೂರಿಟಿಯವರು ಸಾಕಿಕೊಂಡಿರುವ ಒಂದು ಬೆಕ್ಕಿನ ಮರಿ ಇದೆ. ಹೋದ ತಿಂಗಳು ಅದರ ಕಿವಿ ಒರೆಸಲು ಯಾರಾದರೂ ಅದನ್ನು ಹಿಡಿದುಕೊಳ್ಳಬೇಕಿತ್ತು. ನಾನು ಹತ್ತಿರವಿದ್ದೆ, ಹಿಡಿದುಕೊಂಡೆ. ಹತ್ತಿಯ ಮೇಲೆ ಬಂದ ಕೊಳೆ ಕಾಫಿಪುಡಿಯ ಹಾಗೆ ಕಪ್ಪಗೆ, ಉದುರುವಂತಿತ್ತು. ವಾಸನೆ ಜೋರಾಗಿರಲಿಲ್ಲ. ಹಳೆಯ ಎಣ್ಣೆಯದು, ಜೊತೆಗೆ ಸ್ವಲ್ಪ ಹುಳಿ... ನನಗೆ ಅದು ಮೊದಲೇ ಪರಿಚಯವಿದ್ದ ವಾಸನೆ. ಕೈ ತೊಳೆದು ಮೇಲೆ ಬಂದು ಕೆಲಸಕ್ಕೆ ಕೂತ ಮೇಲೂ ಡೊಂಬಿವ್ಲಿಯ ಎದುರು ಮನೆಯ ಕಾಕು ನೆನಪಾಗುತ್ತಲೇ ಇದ್ದರು.

ಕಾಕು ಅಂದರೆ ಅವರ ಧಾರವಾಡದ ಕಡೆ ಚಿಕ್ಕಮ್ಮ. ಮರಾಠಿಯಲ್ಲೂ ಅದೇ. ಹಾಗಾಗಿ ಕಟ್ಟಡದಲ್ಲಿ ಎಲ್ಲರಿಗೂ ಅವರು ಕಾಕುವೇ ಆಗಿದ್ದರು. ಅವರ ಗಂಡನಿಗೆ ಕಲ್ಯಾಣದಲ್ಲಿ ಬಟ್ಟೆ ಅಂಗಡಿ ಇತ್ತು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಮಗ ನೋಡಿಕೊಂಡು ಅಲ್ಲೇ ಇದ್ದ, ಭಾನುವಾರಗಳಲ್ಲಿ ಬಂದು ಹೋಗುತ್ತಿದ್ದ. ಕಾಕು ಮಾತ್ರ ತಮ್ಮ ಮನೆ ಬಿಟ್ಟು ಹೋಗಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ, ಆಮೇಲೆ ರೊಟ್ಟಿ, ಮಧ್ಯಾಹ್ನ ನಿದ್ದೆ, ಸಂಜೆ ಬಾಗಿಲಲ್ಲಿ ಕೂತು ಹೋಗಿಬರುವವರೊಡನೆ ಮಾತು.

ನಾವು ಉಡುಪಿಯ ಕಡೆಯವರು. ಮನೆಯಲ್ಲಿ ತುಳು, ವಾರದಲ್ಲಿ ಮೂರ್ನಾಲ್ಕು ದಿನ ಮೀನು. ಬಂಗುಡೆ ಹುರಿಯುವ ಹೊತ್ತಿಗೆ ಕಾಕು ತಮ್ಮ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಅದರಲ್ಲಿ ಸಿಟ್ಟೇನೂ ಇರಲಿಲ್ಲ. ನೀರು ಬರುವ ಹೊತ್ತು, ಲೋಕಲ್ ರೈಲು ತಡವಾದದ್ದು, ಸೊಸೈಟಿಯ ಸೆಕ್ರೆಟರಿಯ ದೌಲತ್ತು ಎಲ್ಲವನ್ನೂ ಅವರೂ ಅಮ್ಮನೂ ಎರಡು ಬಾಗಿಲುಗಳ ನಡುವಿನ ಜಾಗದಲ್ಲಿ ನಿಂತು ಮಾತಾಡುತ್ತಿದ್ದರು. ಅವರು ನಮ್ಮ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ, ನಾವು ಕರೆದದ್ದೂ ಇಲ್ಲ. ಎರಡೂ ಕಡೆಯವರಿಗೆ ಅದು ಸರಿಯಾಗಿತ್ತು.

ಕಾಕುವಿಗೆ ಒಂದು ಬೂದು ಬಣ್ಣದ ಬೆಕ್ಕಿತ್ತು. ಅವರು ಅದನ್ನು ಗೌರವ್ವ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಪೂಜೆಯ ಹೊತ್ತಿಗೆ ಅದು ದೇವರ ಜಗುಲಿಯ ಪಕ್ಕದಲ್ಲಿ ಮಡಿಸಿಟ್ಟ ಕೌದಿಯ ಮೇಲೆ ಬಂದು ಕೂರುತ್ತಿತ್ತು. ಹಾಲು, ಮೊಸರನ್ನ, ತುಪ್ಪ ಸವರಿದ ರೊಟ್ಟಿಯ ಚೂರು ಅದರ ಊಟ. ನಮ್ಮ ಗೌರವ್ವ ಇಲಿ ಕಂಡರೂ ಮುಖ ತಿರುವತಾಳ ಎಂದು ಕಾಕು ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿದವರು ನಗುತ್ತಿದ್ದರು, ಅವರು ನಗುತ್ತಿರಲಿಲ್ಲ. ಮಾಂಸ ತಿನ್ನುವ ಪ್ರಾಣಿ ಜಗುಲಿಯ ಹತ್ತಿರ ಕೂರುವುದು ಅವರ ಮನೆಯಲ್ಲಿ ಆಗುವ ಮಾತೇ ಅಲ್ಲ. ಇದು ತಿನ್ನುವುದಿಲ್ಲ, ಆದ್ದರಿಂದ ಕೂರುತ್ತದೆ. ಅವರ ಮಟ್ಟಿಗೆ ವಿಷಯ ಅಷ್ಟು ಸರಳವಾಗಿತ್ತು.

ಅವರು ಮಧ್ಯಾಹ್ನ ಮಲಗಿದ ಮೇಲೆ ಗೌರವ್ವ ಅಡುಗೆಮನೆಯ ಕಿಟಕಿಯಿಂದ ಹೊರಬಿದ್ದು, ಪೈಪುಗಳ ಪಕ್ಕದ ಸಿಮೆಂಟಿನ ಅಂಚಿನ ಮೇಲೆ ನಡೆದು ನಮ್ಮ ಅಡುಗೆಮನೆಗೆ ಬರುತ್ತಿತ್ತು. ನಮ್ಮಲ್ಲಿ ಅದರ ಹೆಸರು ಪುಚ್ಚೆ. ತುಳುವಿನಲ್ಲಿ ಬೆಕ್ಕು ಅಂದರೆ ಪುಚ್ಚೆ, ಬೇರೆ ಹೆಸರು ಇಡುವ ಶ್ರಮವನ್ನು ನಾವು ತೆಗೆದುಕೊಂಡಿರಲಿಲ್ಲ. ಬಂಗುಡೆಯ ತಲೆ ತಿಂದು, ಮುಖ ತೊಳೆದುಕೊಂಡು, ನಮ್ಮ ನಾಯಿ ಕರಿಯನ ಹೊಟ್ಟೆಗೆ ಒರಗಿ ಒಂದು ನಿದ್ದೆ ಮಾಡಿ, ಕಾಕು ಏಳುವ ಮೊದಲು ಬಂದ ದಾರಿಯಲ್ಲೇ ಹಿಂತಿರುಗುತ್ತಿತ್ತು. ಕರಿಯ ಅಪ್ಪನಿಗೆ ವಾಗ್ಳೆ ಎಸ್ಟೇಟಿನ ಫ್ಯಾಕ್ಟರಿ ಗೇಟಿನ ಬಳಿ ಸಿಕ್ಕಿದ್ದ ನಾಯಿ. ಯಾರು ಬಂದು ಒರಗಿದರೂ ಅವನ ತಕರಾರಿಲ್ಲ.

ನಾನು ಠಾಣೆಯಲ್ಲಿ ಡಿಗ್ರಿ ಓದುತ್ತಿದ್ದ ವರ್ಷ ಬೆಕ್ಕು ಕಿವಿ ಕೆರೆದುಕೊಳ್ಳಲು ಶುರುಮಾಡಿತು. ತಲೆ ಕೊಡವುವುದು, ಹಿಂಗಾಲಿನಿಂದ ಪರಪರ ಕೆರೆಯುವುದು. ಕಿವಿಯ ಹಿಂದೆ ಕೂದಲು ಹೋಗಿ ರಕ್ತ ಕಾಣತೊಡಗಿತು. ಕಾಕು ಬುಟ್ಟಿಯಲ್ಲಿ ಹಾಕಿ ಸ್ಟೇಷನ್ ಹತ್ತಿರದ ಪ್ರಾಣಿವೈದ್ಯರ ಬಳಿ ಒಯ್ಯುತ್ತಿದ್ದರು. ಲಿಫ್ಟ್ ಇಲ್ಲದ ಕಟ್ಟಡ, ಬುಟ್ಟಿ ಹಿಡಿದು ಇಳಿಯುವುದು ಅವರಿಗೆ ಕಷ್ಟ. ಹಾಗಾಗಿ ನಾನೂ ಜೊತೆಗೆ ಹೋಗುತ್ತಿದ್ದೆ.

ಡಾಕ್ಟರ್ ನಡುವಯಸ್ಸಿನ ಮರಾಠಿ ಹೆಂಗಸು. ಕಿವಿಯ ಕೊಳೆಯನ್ನು ಗಾಜಿನ ಮೇಲೆ ಸವರಿ ನನಗೂ ತೋರಿಸಿದ್ದರು. ಮಸೂರದ ಕೆಳಗೆ ಕಾಲುಗಳಿದ್ದ ಸಣ್ಣ ಬಿಳಿ ಚುಕ್ಕೆಗಳು ನಿಧಾನವಾಗಿ ಚಲಿಸುತ್ತಿದ್ದವು. ಕಿವಿಹುಳ. ಹನಿ ಹಾಕಿ ಕಿವಿಯ ಬುಡವನ್ನು ಮೃದುವಾಗಿ ಉಜ್ಜಬೇಕು, ಹೊರಗೆ ಬಂದ ಕೊಳೆಯನ್ನಷ್ಟೇ ಹತ್ತಿಯಿಂದ ತೆಗೆಯಬೇಕು, ಕಡ್ಡಿ ತೂರಿಸಬಾರದು. ಕೆರೆತ ನಿಂತಿತೆಂದು ಮದ್ದು ನಿಲ್ಲಿಸಬಾರದು. ಒಳಗಿನ ಮೊಟ್ಟೆಗಳು ಒಡೆದು ಮತ್ತೆ ಹುಳವಾಗುತ್ತವೆ, ಮೂರು ವಾರವಾದರೂ ಹಾಕಬೇಕು. ಮನೆಯಲ್ಲಿ ಬೇರೆ ಪ್ರಾಣಿ ಇದ್ದರೆ ಅದಕ್ಕೂ ಜೊತೆಗೇ ಮದ್ದು ಮಾಡಬೇಕು. ಒಂದನ್ನು ಬಿಟ್ಟರೆ ಎಲ್ಲವೂ ವ್ಯರ್ಥ.

ಕಾಕು ಎಲ್ಲವನ್ನೂ ಹಾಗೆಯೇ ಮಾಡಿದರು. ಬೇರೆ ಪ್ರಾಣಿ ಇಲ್ಲ ಎಂದಿದ್ದರು, ಅದೂ ಅವರ ಮಟ್ಟಿಗೆ ನಿಜ. ಕಿವಿ ಶುಚಿಯಾಗುತ್ತಿತ್ತು, ತಿಂಗಳೊಳಗೆ ಮತ್ತೆ ಅದೇ ಕಾಫಿಪುಡಿ. ಎರಡನೆಯ ಸಲವೂ ಹೀಗಾದಾಗ ಡಾಕ್ಟರ್ ಯೋಚಿಸುತ್ತ ಕೇಳಿದರು: ಹೊರಗೆ ಹೋಗುತ್ತದೆಯೇ? ಯಾವ ನಾಯಿ ಬೆಕ್ಕಿನ ಸಹವಾಸವೂ ಇಲ್ಲವೇ?

ಕಾಕು ಮರಾಠಿಯಲ್ಲಿ, ಇಲ್ಲ ಡಾಕ್ಟರ್, ಮನೆಯಲ್ಲೇ ಇರುತ್ತದೆ, ಶುದ್ಧ ಶಾಕಾಹಾರಿ, ಎಂದರು. ಬರೀ ಹಾಲು ಮೊಸರಿನಲ್ಲಿ ಬೆಕ್ಕಿನ ಕೂದಲು ಇಷ್ಟು ಹೊಳೆಯುವುದನ್ನು ತಾನು ನೋಡಿಲ್ಲ ಎಂದು ಡಾಕ್ಟರ್ ಹೇಳಿದರು. ಕಾಕು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು. ಹಾಗಾದರೆ ಹುಳ ಹೊರಗಿನಿಂದ ಬರುತ್ತಿಲ್ಲ, ಕಿವಿಯ ಆಳದಲ್ಲಿ ಬೇರೇನೋ ಬೆಳೆದಿರಬಹುದು, ಅರಿವಳಿಕೆ ಕೊಟ್ಟು ಒಳಗೆ ನೋಡೋಣ ಎಂದು ಡಾಕ್ಟರ್ ಮರುದಿನವೇ ಬರಲು ಹೇಳಿದರು. ಬೆಕ್ಕಿಗೆ ವಯಸ್ಸಾಗಿದೆ, ಅಪಾಯ ಇಲ್ಲವೆಂದು ಹೇಳಲಾರೆ ಎಂದೂ ಹೇಳಿದರು.

ಡಾಕ್ಟರ್ ನಾಯಿ ಎಂದಾಗಲೇ ನನಗೆ ಕರಿಯ ಹೊಳೆದದ್ದು. ಮನೆಗೆ ಬಂದು ಅವನ ಕಿವಿ ಬಿಡಿಸಿ ನೋಡಿದೆ. ಒಳಗೆ ಅದೇ ಕಪ್ಪು.

ಅಮ್ಮ ಪೂರ್ತಿ ಕೇಳಿಸಿಕೊಂಡು ‘ಪನೊಡ್ಚಿ’ ಅಂದಳು. ಹೇಳುವುದು ಬೇಡ. ಹೇಳಿದರೆ ಪುಚ್ಚೆಗೆ ಆ ಮನೆ ಹೋಯಿತು, ಕಾಕುವಿಗೆ ಬೆಕ್ಕು ಹೋಯಿತು, ಕರಿಯನಿಗೆ ಗುಟ್ಟಾಗಿ ಮದ್ದು ಹಾಕಿದರೆ ಸಾಕು ಎಂಬುದು ಅವಳ ವಾದ. ಅದರಲ್ಲಿ ತಪ್ಪಿರಲಿಲ್ಲ. ಆದರೆ ಅರಿವಳಿಕೆ ನಾಳೆಯೇ ಇತ್ತು. ಇಲ್ಲದ ಕಾಯಿಲೆ ಹುಡುಕಲು ಮುದಿ ಬೆಕ್ಕನ್ನು ಮಲಗಿಸುವವರಿದ್ದರು. ಸಂಜೆ ನಾನು ಎದುರು ಮನೆಗೆ ಹೋದೆ.

ಕಾಕು ನೆಲದ ಮೇಲೆ ಕೂತು ಮೆಂತ್ಯ ಸೋಸುತ್ತಿದ್ದರು. ಬೆಕ್ಕು ಅವರ ಮಂಡಿಗೆ ಒತ್ತಿ ಕೂತು ತಲೆ ಕೊಡವುತ್ತಿತ್ತು. ನಾನು ಪೀಠಿಕೆ ಹಾಕದೆ ಹೇಳಿದೆ: ಮಧ್ಯಾಹ್ನ ಇದು ನಮ್ಮಲ್ಲಿಗೆ ಬರುತ್ತದೆ, ಕರಿಯನ ಜೊತೆ ಮಲಗುತ್ತದೆ, ಅವನ ಕಿವಿಯಲ್ಲೂ ಹುಳ ಇದೆ. ಮೀನು ತಿನ್ನುತ್ತದೆ.

ಅವರ ಕೈ ನಿಲ್ಲಲಿಲ್ಲ. ಎಲೆ ಬಿಡಿಸುತ್ತಲೇ ಕೇಳಿದರು:

‘ಯಾವ ಮೀನವಾ?’

‘ಬಂಗುಡೆ. ತಲೆ ಮಾತ್ರ.’

‘ದಿನಾ?’

‘ಮೀನು ತಂದ ದಿನ.’

ಕಾಕು ಬೆಕ್ಕನ್ನು ನೋಡಿದರು. ಬೆಕ್ಕು ಕಿವಿ ಕೆರೆದುಕೊಂಡಿತು.

‘ಹಂಗಾರ ನಾಳೆ ಅದಕ್ಕ ಸೂಜಿ ಬ್ಯಾಡ’ ಅಂದರು. ‘ಡಾಕ್ಟರಬಾಯಿಗೆ ಫೋನ್ ಹಚ್ಚು. ನಿಮ್ಮ ನಾಯಿನೂ ಕರಕೊಂಡು ಬರತೀವಿ ಅಂತ ಹೇಳು.’

ನಾನು ಫೋನ್ ಮಾಡಿ ಬಂದೆ. ಮರುದಿನ ಬೆಳಿಗ್ಗೆ ಅವರ ಬಾಗಿಲು ತೆರೆದಿದ್ದಾಗ ಒಳಗೆ ಕಣ್ಣು ಹೋಯಿತು. ಕೌದಿ ಜಗುಲಿಯ ಪಕ್ಕದಲ್ಲಿರಲಿಲ್ಲ, ಬಾಗಿಲ ಹತ್ತಿರ ಬಂದಿತ್ತು.

ಡಾಕ್ಟರ್ ಎರಡಕ್ಕೂ ಬೇರೆ ಬೇರೆ ಮದ್ದು ಬರೆದರು. ನಾಯಿಯದನ್ನು ಬೆಕ್ಕಿಗೆ ಹಾಕಬೇಡಿ, ಅಂಥ ಕೆಲವು ಮದ್ದು ಬೆಕ್ಕಿನ ಜೀವಕ್ಕೇ ಕುತ್ತು ಎಂದು ಎರಡೆರಡು ಸಲ ಎಚ್ಚರಿಸಿದರು. ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯಲು ಹೇಳಿದರು. ಅಂದಿನಿಂದ ದಿನವೂ ಸಂಜೆ ಎರಡು ಬಾಗಿಲುಗಳ ನಡುವೆ ಹಳೆಯ ಚಾದರ ಹಾಸಿ ಕೂರುತ್ತಿದ್ದೆವು. ಕಾಕು ಬೆಕ್ಕನ್ನು ಟವೆಲಿನಲ್ಲಿ ಸುತ್ತಿ, ಮುಖವನ್ನಷ್ಟೇ ಹೊರಗೆ ಬಿಟ್ಟು ಹಿಡಿಯುತ್ತಿದ್ದರು. ನಾನು ಹನಿ ಬಿಡುತ್ತಿದ್ದೆ. ಕಿವಿಯ ಬುಡ ಉಜ್ಜುವಾಗ ಒಳಗೆ ಪಚಪಚ ಸದ್ದಾಗುತ್ತಿತ್ತು. ಆಮೇಲೆ ಕರಿಯನ ಸರದಿ. ಕಾಕು ಅವನನ್ನು ಮುಟ್ಟುತ್ತಿರಲಿಲ್ಲ, ಮಾತು ಮಾತ್ರ ಆಡಿಸುತ್ತಿದ್ದರು.

‘ಏನಪಾ ಕರಿಯಾ, ಬೀಗರ ಮನಿಗೆ ಬುತ್ತಿ ಕಳಿಸಿದಂಗ ನಮ್ಮ ಮನಿಗೆ ಹುಳಾ ಕಳಿಸಿದ್ಯಲ್ಲೋ.’

ಅಮ್ಮ ಬಾಗಿಲಲ್ಲಿ ನಿಂತು ನಕ್ಕಳು. ಅದು ನಮ್ಮ ಕಡೆಯ ಮರ್ಯಾದೆ, ಬರಿಗೈಲಿ ಕಳಿಸುವವರಲ್ಲ ನಾವು, ಎಂದಳು. ಕಾಕು ಕೂಡ ನಕ್ಕರು. ಆ ಮೂರು ವಾರಗಳಲ್ಲಿ ಎರಡು ಮನೆಗಳವರು ಕೂತು ಮಾತಾಡಿದಷ್ಟು ಅದಕ್ಕೆ ಮೊದಲು ಎಂದೂ ಮಾತಾಡಿರಲಿಲ್ಲ. ಎಲ್ಲ ಮೊದಲಿನ ಹಾಗೇ ಆಗುತ್ತದೆ ಎಂದು ಅಮ್ಮ ಅಂದುಕೊಂಡಳು. ನಾನೂ ಹಾಗೆ ಅಂದುಕೊಂಡಿದ್ದೆನೋ ಏನೋ... ಆದರೆ ಗೌರವ್ವ ಎಂಬ ಹೆಸರನ್ನು ಕಾಕು ಆ ದಿನಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದು ಆಮೇಲೆ.

ಕೊನೆಯ ಸಲ ಡಾಕ್ಟರ್ ಗಾಜನ್ನು ನೋಡಿ ಏನೂ ಇಲ್ಲ ಎಂದರು. ಕಾಕು ತಾವೂ ಬಗ್ಗಿ ಮಸೂರದಲ್ಲಿ ನೋಡಿದರು. ನಿಧಾನವಾಗಿ ಮೆಟ್ಟಿಲು ಹತ್ತಿ ಬಂದೆವು. ಅವರು ತಮ್ಮ ಬಾಗಿಲಿನ ಕೀಲಿ ತೆಗೆಯಲಿಲ್ಲ. ನನ್ನ ಕೈಯಿಂದ ಬುಟ್ಟಿ ಇಸಿದುಕೊಂಡು ನಮ್ಮ ಹೊಸ್ತಿಲ ಮುಂದೆ ಇಟ್ಟರು.

‘ತಗೋಳವಾ, ನಿಮ್ಮ ಪುಚ್ಚೆ.’

ಅಮ್ಮ ಹೊರಗೆ ಬಂದಿದ್ದಳು. ಹಾಗೆಲ್ಲ ಮಾಡಬೇಡಿ ಕಾಕು, ಇನ್ನು ನಾವು ಮೀನು ಹಾಕುವುದಿಲ್ಲ, ಕಿಟಕಿಯನ್ನೂ ಮುಚ್ಚುತ್ತೇವೆ ಎಂದು ಬೇಡಿಕೊಳ್ಳುವ ಹಾಗೆ ಹೇಳಿದಳು. ಕಾಕು ಅಡ್ಡಡ್ಡ ತಲೆ ಆಡಿಸಿದರು. ಸಿಟ್ಟಿನ ಮುಖವಾಗಿರಲಿಲ್ಲ ಅದು.

‘ನನ್ನ ನೇಮ ನಾ ಬಿಡೂದಿಲ್ಲ. ಅದರ ನಾಲಿಗಿ ಅದು ಬಿಡೂದಿಲ್ಲ. ಸಾಯೂ ಕಾಲಕ್ಕ ಅದಕ್ಯಾಕ ಕಳ್ಳ ಬಾಳೇವು? ನಿಮ್ಮ ಮನ್ಯಾಗ ರಾಜಾರೋಷ ಉಣ್ಣಲಿ.’

ಬುಟ್ಟಿ ತೆರೆದಾಗ ಬೆಕ್ಕು ಮೊದಲು ಅವರ ಬಾಗಿಲಿಗೇ ಹೋಯಿತು. ಅವರು ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಆ ವಾರ ಅವರ ಅಡುಗೆಮನೆಯ ಕಿಟಕಿಗೆ ಜಾಲರಿ ಬಂತು. ಬೆಕ್ಕು ಕೆಲವು ದಿನ ಅಂಚಿನ ಮೇಲೆ ಕೂತು ಜಾಲರಿಯ ಮುಂದೆ ಕೂಗಿತು. ಒಳಗಿನಿಂದ ಪಾತ್ರೆಯ ಸದ್ದು ಕೇಳುತ್ತಿತ್ತು. ಆಮೇಲೆ ಕೂಗುವುದನ್ನು ಬಿಟ್ಟಿತು.

ಕಾಕು ಸಂಜೆ ಬಾಗಿಲಲ್ಲಿ ಕೂರುವುದನ್ನೂ ಕಡಿಮೆ ಮಾಡಿದರು. ಮೆಟ್ಟಿಲಲ್ಲಿ ಸಿಕ್ಕರೆ ಒಂದೇ ಪ್ರಶ್ನೆ: ‘ಕಿವಿ ಹೆಂಗದಾವು?’ ಚೆನ್ನಾಗಿವೆ ಎಂದರೆ ಮುಂದೆ ನಡೆಯುತ್ತಿದ್ದರು. ಬೆಕ್ಕು ಏನು ತಿಂದಿತು, ಎಲ್ಲಿ ಮಲಗುತ್ತದೆ ಎಂದು ಅವರು ಕೇಳಿದ್ದು ನನಗೆ ನೆನಪಿಲ್ಲ.

ಕಟ್ಟಡ ಕೆಡವಿ ಕಟ್ಟುವ ರೀಡೆವಲಪ್‌ಮೆಂಟಿಗೆ ಹೋದಾಗ ನಾವು ಐರೋಲಿಗೆ ಬಂದೆವು, ಕಾಕು ಕಲ್ಯಾಣಕ್ಕೆ ಮಗನ ಮನೆಗೆ ಹೋದರು. ಕರಿಯ ಅದಕ್ಕೆ ಮೊದಲೇ ತೀರಿಹೋಗಿದ್ದ. ಬೆಕ್ಕು ಐರೋಲಿಯಲ್ಲಿ ಒಂದು ಬೆಳಿಗ್ಗೆ ಏಳಲಿಲ್ಲ. ಅಮ್ಮ ಕಾಕುವಿಗೆ ಫೋನ್ ಮಾಡಿ ತಿಳಿಸಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳುತ್ತಿತ್ತು. ಆ ಕಡೆ ಟಿವಿಯ ಸದ್ದು ಸಣ್ಣದಾಯಿತು.

‘ಕಿವಿ?’ ಎಂದರು ಕಾಕು.

ಕೊನೆಯವರೆಗೂ ಶುಚಿಯಾಗಿದ್ದವು ಎಂದಳು ಅಮ್ಮ.

‘ಛಲೋ ಆತು.’

ಹೋದ ವರ್ಷ ಕಾಕು ತೀರಿಕೊಂಡರು. ಮಗ ಸುದ್ದಿ ಕೊಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮನೂ ನಾನೂ ಕಲ್ಯಾಣಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತು ಬಂದೆವು. ಹಿಂತಿರುಗುವಾಗ ಲೋಕಲ್‌ನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಠಾಣೆ ಬರುವವರೆಗೆ ಅಮ್ಮ ಹೊರಗೆ ನೋಡುತ್ತಿದ್ದಳು. ಆಮೇಲೆ, ನೀನು ಅವತ್ತು ಹೇಳಬಾರದಿತ್ತು, ಅಂದಳು.

ಹೇಳದಿದ್ದರೆ ಬೆಕ್ಕು ಆ ಟೇಬಲ್ಲಿನ ಮೇಲೆಯೇ ಸಾಯಬಹುದಿತ್ತು, ಅಂದೆ. ಇರಬಹುದು, ಎಂದಳು ಅಮ್ಮ. ಈ ಮಾತು ಈಗಲೂ ಆಗಾಗ ಬರುತ್ತದೆ. ಅವಳ ಅಭಿಪ್ರಾಯ ಬದಲಾಗಿಲ್ಲ, ನನ್ನದೂ ಬದಲಾಗಿಲ್ಲ. ಕಾಕುವಿನ ಅಭಿಪ್ರಾಯ ಏನಿತ್ತು ಎಂದು ಕೇಳಬಹುದಾಗಿತ್ತು. ವರ್ಷಗಟ್ಟಲೆ ಎದುರು ಬಾಗಿಲಲ್ಲೇ ಇದ್ದರು...